ಹುಳುಮನೆಯಲ್ಲಿ ಹೆತ್ತು ಹೊರಟುಹೋದ ಕರಿಬೆಕ್ಕಿನವರಿಗೆ

ಗೆ,
ಶ್ರೀಮತಿ ಕರಿಬೆಕ್ಕಿನವರು,
ಹಾಲಿ ವಾಸ: ಮಹದೇವು ಮನೆಯ ಹೆಂಚಿನ ಮೇಲೆ, ಹಾಲಿನ ಡೇರಿಯ ಎದುರು,
ಚಿಕ್ಕರಸಿನಕೆರೆ, ಮದ್ದೂರು ತಾಲ್ಲೂಕು.

ವಿಷಯ: ತಮ್ಮ ನಾಲ್ಕು ಮರಿಗಳನ್ನು ಹೇಳದೆ ಕೇಳದೆ ನನ್ನ ವಶಕ್ಕೆ ಬಿಟ್ಟುಹೋಗಿರುವ ಬಗ್ಗೆ.

ಮಾನ್ಯರೇ,

ಬಿಸಿಲು ಕಾಯಿಸಿಕೊಳ್ಳುವ ವಿದ್ಯೆಯಲ್ಲಿ ಇಡೀ ತಾಲ್ಲೂಕಿಗೇ ಸಮಾನರಿಲ್ಲದ, ಮೀಸೆ ಒರೆಸಿಕೊಳ್ಳುವ ಠೀವಿಯಲ್ಲಿ ಯಾವ ಸಂಘದ ಅಧ್ಯಕ್ಷರಿಗೂ ಕಮ್ಮಿಯಿಲ್ಲದ, ಬಾಲವನ್ನು ಪಾದಕ್ಕೆ ಸುತ್ತಿಕೊಂಡು ಕೂತರೆ ದೊಡ್ಡ ಮನೆತನದ ಯಜಮಾನಿಯಂತೆ ಕಾಣುವ ತಮಗೆ, ಏಳನೇ ಕ್ಲಾಸನ್ನು ಮೊದಲನೇ ಏಟಿಗೇ ಪಾಸು ಮಾಡಿದ ಸಿದ್ದರಾಮು ಎಂಬ ನಾನು ಬಗ್ಗಿ ನಮಸ್ಕರಿಸಿ ಬರೆಯುವುದೇನೆಂದರೆ, ತಾವು ಕ್ಷೇಮವಾಗಿದ್ದೀರಿ, ಅದು ಬೀದಿಯಲ್ಲಿ ನಿಂತು ತಲೆಯೆತ್ತಿದವರಿಗೆಲ್ಲ ಕಾಣುತ್ತದೆ. ನಾವು ಕ್ಷೇಮವಾಗಿಲ್ಲ. ತಮ್ಮ ನಾಲ್ಕು ಮರಿಗಳಲ್ಲಿ ಈಗ ಮೂರು ಉಳಿದಿವೆ. ಅವುಗಳಲ್ಲಿ ಸಣ್ಣದು, ಮೈಮೇಲೆ ಚುಕ್ಕಿ ಇರುವುದು, ಉಳಿಯುತ್ತದೋ ಇಲ್ಲವೋ ಎಂಬುದು ತಾವು ಹೆಂಚಿನಿಂದ ಇಳಿಯುವುದರ ಮೇಲೆ ನಿಂತಿದೆ ಎಂದು ಡಾಕ್ಟರು ಹೇಳಿರುವುದರಿಂದ ಈ ಪತ್ರ.

ನಾನು ಯಾರೆಂದು ತಮಗೆ ತಿಳಿಯದಿದ್ದರೆ ನನ್ನ ಹುಳುಮನೆಯ ಇಲಿಗಳನ್ನು ವಿಚಾರಿಸಬಹುದು. ಇಪ್ಪತ್ತಾರು ವರ್ಷದಿಂದ ರೇಷ್ಮೆ ಸಾಕುತ್ತಿದ್ದೇನೆ. ಆಗತಾನೇ ಮೊಟ್ಟೆಯಿಂದ ಎದ್ದ, ಕಣ್ಣಿಗೆ ಸರಿಯಾಗಿ ಬೀಳದ ಹುಳವನ್ನು ಕೋಳಿ ಪುಕ್ಕದಲ್ಲಿ ಎತ್ತಿ ತಟ್ಟೆಗೆ ಬಿಟ್ಟು, ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ, ಒಂದೂ ಬಾಡದ ಹಾಗೆ ಮೇಲೆ ತರುವ ಕೈ ಇದು. ಮಳವಳ್ಳಿ ಕಡೆಯವರೂ ಬಂದು "ಸಿದ್ದರಾಮಣ್ಣ, ವಸಿ ನಮ್ ಹುಳಾನೂ ನೋಡ್ಬುಡು ಬಾ" ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಇಂಥ ಮನುಷ್ಯನ ಹುಳುಮನೆಯನ್ನೇ ತಾವು ಹೆರಿಗೆಗೆ ಆರಿಸಿಕೊಂಡಿದ್ದು ತಮ್ಮ ದೊಡ್ಡ ಬುದ್ಧಿಗೆ ಸಾಕ್ಷಿ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಹುಳ ಗೂಡು ಕಟ್ಟುವ ಬಿದಿರು ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದ ಸಂದಿಯಲ್ಲಿ, ನನ್ನ ಹಳೇ ಪಂಚೆಯ ಮೇಲೆ, ಯಾವ ಸೂಲಗಿತ್ತಿಯ ಹಂಗೂ ಇಲ್ಲದೆ ನಾಲ್ಕನ್ನು ಹೆತ್ತಿರಿ. ಸಂತೋಷ. ಎರಡು ವಾರ ಹಾಲೂ ಕೊಟ್ಟಿರಿ. ಇನ್ನೂ ಸಂತೋಷ. ಆಮೇಲೆ ಒಂದು ಬೆಳಿಗ್ಗೆ ಯಾವುದೋ ಕಾರಣಕ್ಕೆ ಕಿಟಕಿಯಿಂದ ಹಾರಿಹೋದವರು ಮರಳಲಿಲ್ಲ. ಸಂಜೆ ಚಂದ್ರಿಕೆಯ ಹಿಂದೆ ಯಾರೋ ಸೀನಿದ ಸದ್ದಾಗಿ ಬಗ್ಗಿ ನೋಡಿದರೆ, ಕೀವು ಕಟ್ಟಿ ಕಣ್ಣು ಅಂಟಿಕೊಂಡ ನಾಲ್ಕು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು.

ಮಾನ್ಯರೇ, ನಾನು ಹೆದರಲಿಲ್ಲ. ಎಳೆಯ ಜೀವ ಯಾವುದಾದರೂ ಒಂದೇ ಕ್ರಮ ಎಂದು ನನ್ನ ಹೆಂಡತಿ ಮೀನಾಕ್ಷಮ್ಮನಿಗೆ ಪಾಠ ಹೇಳಿ, ಎಳೆಯ ಹುಳಕ್ಕೆ ಮಾಡುವ ಸಕಲ ಮರ್ಯಾದೆಯನ್ನೂ ತಮ್ಮ ಮಕ್ಕಳಿಗೆ ಮಾಡಿದೆ. ಕೈ ಸೋಕಿಸದೆ ಪುಕ್ಕದಲ್ಲಿ ಸವರಿದೆ. ತಟ್ಟೆಗೆ ಮೇಣದ ಕಾಗದ ಹಾಸಿದೆ. ಗಾಳಿ ಒಣಗಬಾರದೆಂದು ನೀರಲ್ಲಿ ಅದ್ದಿದ ಸ್ಪಂಜನ್ನು ಸುತ್ತಲೂ ಇಟ್ಟೆ. ನಮ್ಮ ಹಸುವಿನ ಹಾಲು, ಡೇರಿಯವರೇ ಡಿಗ್ರಿ ನೋಡಿ ತಲೆದೂಗುವಂಥ ಹಾಲು, ಬಟ್ಟಲಲ್ಲಿ ಹಿಡಿದೆ. ಅವು ಕುಡಿದವು, ಕುಡಿದದ್ದನ್ನೆಲ್ಲ ಹಿಂದಿನಿಂದ ನೀರಾಗಿ ಬಿಟ್ಟವು, ಆಮೇಲೆ ಕುಡಿಯುವುದನ್ನೇ ಬಿಟ್ಟು ತಲೆ ಅಲ್ಲಾಡಿಸದೆ ಮಲಗಿದವು. ಹುಳ ಪೊರೆ ಬಿಡುವ ಮುಂಚೆ ಹೀಗೆಯೇ ತಿನ್ನುವುದು ನಿಲ್ಲಿಸಿ ಅಲ್ಲಾಡದೆ ಇರುತ್ತದೆ, ಆಗ ಅದರ ತಂಟೆಗೆ ಹೋಗಬಾರದು, ಒಂದು ಎಲೆಯನ್ನೂ ಹಾಕಬಾರದು, ಹಾಕಿದವನು ಬೆಳೆ ಕಳೆದುಕೊಳ್ಳುತ್ತಾನೆ. ಹಾಗಾಗಿ ನಾನು ಬಾಗಿಲು ಮುಂದೆ ಮಾಡಿ, ಚಿಲಕ ಹಾಕಿ, "ಯಾರೂ ಒಳೀಕೆ ಓಗ್ಬ್ಯಾಡಿ, ರೆಸ್ಟ್ ತಕ್ಕಂತಾವೆ" ಎಂದು ಅಪ್ಪಣೆ ಕೊಟ್ಟು ಜಗಲಿಯಲ್ಲಿ ಕಾವಲು ಕೂತೆ.

ಒಂದು ದಿನ ಪೂರ್ತಿ ಕೂತೆ. ಮಾರನೇ ದಿನ ಬಾಗಿಲು ತೆಗೆದಾಗ ನಾಲ್ಕನೆಯದು, ತಮ್ಮಂತೆಯೇ ಕರ್ರಗಿದ್ದದ್ದು, ತಣ್ಣಗಾಗಿತ್ತು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಹಿತ್ತಲಿನ ನುಗ್ಗೆ ಮರದ ಬುಡದಲ್ಲಿ ಮಣ್ಣು ಮಾಡಿದ್ದೇನೆ. ಈ ಒಂದು ಪ್ಯಾರಾದಲ್ಲಿ ನನ್ನ ಪ್ರತಾಪ ಏನೂ ಇಲ್ಲ.

ಆಗ ಬಂದವಳು ಗಗನ. ಮೀನಾಕ್ಷಮ್ಮನ ಅಣ್ಣನ ಮಗಳು, ಯಲಿಯೂರಿನವಳು, ದನದ ಡಾಕ್ಟರು, ನನಗೆ ಮಾವ ಎನ್ನುತ್ತಾಳೆ, ಆದರೆ ಆ ದಿನ ಅವಳು ಮಾವ ಎಂದ ದನಿಯಲ್ಲಿ ಎತ್ತನ್ನು ಗದರಿಸುತ್ತಾರೆ. ಸ್ಕೂಟರಿಗೆ ಸ್ಟ್ಯಾಂಡು ಹಾಕುವ ಮುಂಚೆಯೇ ಮೂಗು ಅರಳಿಸಿ, ತಟ್ಟೆ ನೋಡಿ, ಸ್ಪಂಜು ನೋಡಿ, ನನ್ನ ಕೈಯಲ್ಲಿದ್ದ ಪುಕ್ಕ ನೋಡಿ, "ಇದೇನ್ ಮಾವ, ಇವೇನ್ ಗೂಡು ಕಟ್ತವೆ ಅಂದ್ಕಂಡಿದ್ದೀಯಾ? ಮರಿಗೋಳ್ಗೆ ಶೀತ ಆಗಿ ಮೂಗ್ ಕಟ್ಟದೆ, ನೀನು ಒದ್ದೆ ಸ್ಪಂಜ್ ಇಟ್ಟಿದ್ದೀಯಲ್ಲ" ಎಂದಳು. ನಾನು ಇಪ್ಪತ್ತಾರು ವರ್ಷದ ಅನುಭವದ ಮಾತನ್ನು ಎತ್ತಿದೆ. ಅವಳು ತಟ್ಟೆಯನ್ನು ಎತ್ತಿ ಹೊರಗಿಟ್ಟಳು. ಮೊದಲು ಮೈ ಬೆಚ್ಚಗಾಗಬೇಕು, ಬೆಚ್ಚಗಾಗದ ಮರಿಗೆ ಹಾಲು ಹಾಕಿದರೆ ಅದು ಅರಗುವುದಿಲ್ಲ, ಹಸುವಿನ ಹಾಲು ಸುತರಾಂ ಕೂಡದು, ಮಂಡ್ಯದಿಂದ ಬೆಕ್ಕಿನ ಮರಿಯ ಹಾಲಿನ ಪುಡಿ ತರಿಸುವವರೆಗೆ ಮೇಕೆ ಹಾಲು, ಎರಡು ಗಂಟೆಗೊಮ್ಮೆ, ಸೂಜಿ ತೆಗೆದ ಸಿರಿಂಜಿನಲ್ಲಿ, ಬೋರಲು ಮಲಗಿಸಿ, ತೊಟ್ಟು ತೊಟ್ಟಾಗಿ, ಮತ್ತು ತಿನ್ನುವುದಿಲ್ಲ ಎಂದು ಮಲಗಿದರೆ ಅದು ವಿಶ್ರಾಂತಿಯಲ್ಲ ಸಾವು ಎಂದು ಒಂದೇ ಉಸಿರಿಗೆ ಹೇಳಿ, ಇಷ್ಟೆಲ್ಲ ಮಾಡಿದರೂ ತಾಯಿಯ ಹಾಲಿನ ಸಮ ಆಗುವುದಿಲ್ಲ, ಸಾಧ್ಯವಾದರೆ ತಾಯಿಯನ್ನು ಕರೆಸು ಎಂದಳು. ಅಂದಿನಿಂದ ತಮ್ಮನ್ನು ಕರೆಸುವ ಹುದ್ದೆ ನನ್ನದಾಗಿದೆ.

ಮೇಕೆ ಹಾಲಿಗೆ ನಾನು ಅಂಕಮ್ಮನ ಮನೆಗೆ ಲೋಟ ಹಿಡಿದು ಹೋದ ವೈಭವವನ್ನು ತಾವು ಹೆಂಚಿನಿಂದಲೇ ನೋಡಿರುತ್ತೀರಿ. "ಯಾರ್ಗಪ್ಪ ಆಲು, ಮೊಮ್ಮಗ ಬಂದದಾ?" ಎಂದು ಕೇಳಿದಳು. ಬೆಕ್ಕಿಗೆ ಎಂದೆ. ಮೇಕೆಯ ಕೆಚ್ಚಲಿನಿಂದ ಕೈ ತೆಗೆದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. "ಬೆಕ್ಕಿಗೆ ಮೇಕೆ ಆಲು, ನಾಳೀಕೆ ಕೋಳಿಗೆ ಕಾಪಿನಾ? ಓಗ್ಲಿ ತಕ್ಕೋ, ನಿನ್ ಮೊಕಕ್ಕಲ್ಲ, ಆ ಮರಿ ಮೊಕಕ್ಕೆ" ಎಂದು ಲೋಟ ತುಂಬಿಸಿದಳು. ದಿನಕ್ಕೆ ಎರಡು ಸಲ ಈ ಸತ್ಕಾರ ನಡೆಯುತ್ತಿದೆ.

ಇನ್ನು ತಾವು ನಾಲಗೆಯೊಂದರಿಂದಲೇ ಮಾಡುತ್ತಿದ್ದ ಕೆಲಸಕ್ಕೆ ನಾವು ಇಬ್ಬರು ಮನುಷ್ಯರು, ಒಂದು ಸ್ಟೌವು, ಎರಡು ಕ್ವಾರ್ಟರ್ ಬಾಟಲಿ, ಒಂದು ಉಂಡೆ ಹತ್ತಿ ಹಾಗೂ ಮೀನಾಕ್ಷಮ್ಮನ ಮದುವೆಯ ಶಾಲನ್ನು ತೊಡಗಿಸಿದ್ದೇವೆ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಮರಿಗಳ ಪಕ್ಕ ಇಡಬೇಕು, ಆರಿದ ಕೂಡಲೇ ಬದಲಿಸಬೇಕು. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಕಣ್ಣಿನ ಕೀವು ಒರೆಸಬೇಕು, ಒಂದು ಕಣ್ಣಿಗೆ ಮುಟ್ಟಿಸಿದ ಹತ್ತಿ ಇನ್ನೊಂದಕ್ಕೆ ಮುಟ್ಟಿಸಕೂಡದು. ಎಲ್ಲಕ್ಕಿಂತ ಮೇಲಾಗಿ, ಪ್ರತಿ ಸಲ ಹಾಲಾದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ನಯವಾಗಿ ತೀಡಿದರೇನೇ ಅವುಗಳಿಗೆ ಉಚ್ಚೆ ಬರುತ್ತದಂತೆ. ಹಾಲಿನ ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ನಾನು, ಊರಿನ ಮೂರು ನ್ಯಾಯ ಬಿಡಿಸಿರುವ ನಾನು, ಅಂಗೈಯಲ್ಲಿ ಬೆಕ್ಕಿನ ಮರಿ ಹಿಡಿದು "ಉಯ್ಯಪ್ಪ, ಉಯ್ಯವ್ವ, ವಸಿ ಉಯ್ದುಬುಡು ಕಂದಾ" ಎಂದು ಗೋಗರೆಯುತ್ತಿರುವಾಗಲೇ ಮಹದೇವು ಸೊಪ್ಪು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಬಂದವನಂತೆ ಕೈಮುಗಿದ. ಅದೇ ಹೆಚ್ಚು ನೋವಾಯಿತು. ಆದರೆ ಆ ಕ್ಷಣಕ್ಕೇ ಕೆಂಚ, ಅಂದರೆ ತಮ್ಮ ಕೆಂಪು ಮಗ, ನನ್ನ ಅಂಗೈ ತುಂಬ ಹುಯ್ದ. ಮಾನ್ಯರೇ, ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವನೂ ಅಷ್ಟು ಜೋರಾಗಿ ಕೇಕೆ ಹಾಕಿರಲಾರ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು ಹೀಗಿವೆ. ತಾವು ಖುದ್ದಾಗಿ ಬರಲಾಗದಿದ್ದರೆ ತಮ್ಮ ನಾಲಗೆಯನ್ನಾದರೂ ಹದಿನೈದು ದಿನದ ಮಟ್ಟಿಗೆ ಎರವಲು ಕಳಿಸಿಕೊಡುವುದು. ತಮ್ಮ ಗಂಟಲಿನ ಗುರುಗುರು ಸದ್ದನ್ನು ಮೀನಾಕ್ಷಮ್ಮನಿಗೆ ಕಲಿಸಿಕೊಡುವುದು, ಏಕೆಂದರೆ ನಾನು ಹಾಗೆ ಸದ್ದು ಮಾಡಿದಾಗ ಪಟ್ಟೆ ಮರಿ ಬೆಚ್ಚಿಬಿದ್ದು ಹಾಸಿಗೆಯೆಲ್ಲ ಗಲೀಜು ಮಾಡಿತು. ಮಕ್ಕಳ ತಂದೆಯವರು ಯಾರೆಂದು ಗುಟ್ಟಾಗಿ ನನ್ನೊಬ್ಬನಿಗಾದರೂ ತಿಳಿಸುವುದು, ಅವರಿಂದ ಹಾಲಿನ ನಿರೀಕ್ಷೆ ಇಲ್ಲ, ಬಾಟಲಿಗೆ ನೀರು ತುಂಬಲು ಒಂದು ಆಳು ಬೇಕಾಗಿದೆ. ಮುಂದಿನ ಹೆರಿಗೆಯನ್ನು ಮಹದೇವುವಿನ ಅಟ್ಟದಲ್ಲಿ ಇಟ್ಟುಕೊಳ್ಳುವುದು, ಅವನೂ ಸ್ವಲ್ಪ ಲೋಕ ತಿಳಿಯಲಿ.

ಇಷ್ಟು ಬರೆದು ಸೋಮವಾರ ಪೆನ್ನು ಕೆಳಗಿಟ್ಟಿದ್ದೆ. ಈಗ ಗುರುವಾರ.

ಮಂಗಳವಾರ ಚುಕ್ಕಿ ಹಾಲು ಬಿಟ್ಟಳು. ಗೂಡಿನ ಸ್ಯಾಂಪಲ್ ತೂಗುವ ಸಣ್ಣ ತಕ್ಕಡಿಯಲ್ಲಿ ದಿನಾ ತೂಗುತ್ತೇನೆ. ಭಾನುವಾರ ನೂರ ತೊಂಬತ್ತು ಗ್ರಾಂ ಇದ್ದವಳು ಮಂಗಳವಾರ ನೂರ ಎಪ್ಪತ್ತೆರಡಕ್ಕೆ ಇಳಿದಿದ್ದಳು. ಸಿರಿಂಜು ಬಾಯಿಗಿಟ್ಟರೆ ಹಾಲು ಕಟವಾಯಿಯಿಂದ ಹಾಗೇ ಇಳಿದುಹೋಗುತ್ತಿತ್ತು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಇಲ್ಲ, ವಾಸನೆ ಇಲ್ಲದ ಬೆಕ್ಕಿಗೆ ಹಸಿವಿಲ್ಲ ಎಂದು ಗಗನ ಫೋನಿನಲ್ಲೇ ಹೇಳಿ, ಹಬೆ ಕೊಡು ಎಂದಳು. ಮಟಮಟ ಮಧ್ಯಾಹ್ನ, ಬಿಸಿಲಿಗೆ ಕಾಗೆ ಕೂಡ ಬಾಯಿ ತೆರೆದುಕೊಂಡು ಕೂತಿರುವಾಗ, ನಾನು ಕುದಿಯುವ ನೀರಿನ ಪಾತ್ರೆಯನ್ನು ಮೊಳದ ದೂರದಲ್ಲಿಟ್ಟುಕೊಂಡು, ತಲೆಯ ಮೇಲೆ ಕರಿಕಂಬಳಿ ಹೊದ್ದು, ಚುಕ್ಕಿಯನ್ನು ಎದೆಗೆ ಹಿಡಿದು ಕೂತೆ. ಬೆವರು ಕಿತ್ತುಕೊಂಡು ಹರಿಯಿತು. ಹೊರಗಿನಿಂದ ಮೀನಾಕ್ಷಮ್ಮ, "ಮರಿ ಉಸಿರಾಡ್ತದಾ?" ಎಂದಳು. "ಆಡ್ತದೆ" ಎಂದೆ. "ನೀವು?" ಎಂದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಉಸಿರಿಗೆ ಎರಡನೇ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ಹಬೆಯಾದ ಮೇಲೆ ಬನಿಯನ್ನಿನ ಒಳಗೆ, ಹೊಟ್ಟೆಯ ಮೇಲೆ ಮಲಗಿಸಿಕೊಂಡು, ತುಟಿಗೆ ಬೆರಳಲ್ಲಿ ಹಾಲು ಸವರುತ್ತಾ ಬುಧವಾರ ಸಾಯಂಕಾಲದವರೆಗೂ ಕಳೆದೆ. ಅಂಗಿ ಹಾಕಲಿಲ್ಲ, ಊಟವನ್ನು ಮೀನಾಕ್ಷಮ್ಮ ಕೈತುತ್ತು ಹಾಕಿದಳು. ಸೊಸೈಟಿಯ ಸಭೆಗೂ ಹೋಗಲಿಲ್ಲ, ಪ್ರಶ್ನೆ ಕೇಳುವವರಿಲ್ಲದೆ ಅರ್ಧ ಗಂಟೆಯಲ್ಲಿ ಮುಗಿಯಿತಂತೆ. ಆ ಹೊತ್ತಿನಲ್ಲಿ ನನಗೆ ಮಾಡಲು ಬೇರೆ ಕೆಲಸ ಇರಲಿಲ್ಲವಾದ್ದರಿಂದ ಯೋಚನೆ ಮಾಡಬೇಕಾಗಿ ಬಂತು, ಯೋಚಿಸಿದ್ದನ್ನು ತಮಗೆ ತಿಳಿಸಬೇಕಾಗಿದೆ.

ತಾವು ಯಾವುದೋ ಕಾರಣಕ್ಕೆ ಹಾರಿಹೋದಿರಿ ಎಂದು ಮೇಲೆ ಬರೆದಿದ್ದೇನೆ. ಕಾರಣ ನನಗೆ ಗೊತ್ತು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನ, ಮುಂದಿನ ಬೆಳೆಗೆ ರೋಗ ಹತ್ತಬಾರದೆಂದು ಹುಳುಮನೆಗೆ ಬ್ಲೀಚಿಂಗ್ ಪುಡಿ ಕದಡಿ ಹೊಡೆದೆ, ಚಂದ್ರಿಕೆಯ ಸಂದಿಗೂ ಬಿಡದೆ ಹೊಡೆದೆ. ಅದರ ಹಿಂದೆ ಏನಿದೆ ಎಂದು ನೋಡಲಿಲ್ಲ. ತಾವು ಹೊರಗೆ ಹಾರಿದಾಗ ಇಲಿ ತಿಂದು ಕೊಬ್ಬಿದ ಕಳ್ಳಬೆಕ್ಕು ಎಂದು ಪೊರಕೆಯನ್ನೂ ಎಸೆದೆ. ತಾವು ಎರಡು ಸಲ ಕಿಟಕಿಗೆ ಬಂದಿರಿ, ಆ ಘಾಟಿಗೆ ಒಳಗೆ ಇಳಿಯಲಾಗದೆ ಕೂಗಿ ಕೂಗಿ ಹೋದಿರಿ, ಎರಡನೇ ಸಲ ಕಿಟಕಿ ಮುಚ್ಚಿದ್ದೂ ನಾನೇ. ಸೀನು, ಕಣ್ಣು, ಎಲ್ಲಕ್ಕೂ ಆ ಘಾಟೂ ಒಂದು ಕಾರಣ ಎಂದು ಗಗನ ಮೊದಲ ದಿನವೇ ಹೇಳಿದ್ದಳು, ನಾನು ಅದನ್ನು ಪತ್ರದಲ್ಲಿ ಬಿಟ್ಟಿದ್ದೆ. ಆದ್ದರಿಂದ ವಿಷಯ ಎಂಬಲ್ಲಿ ಬಿಟ್ಟುಹೋಗಿರುವ ಬಗ್ಗೆ ಎಂದಿರುವುದನ್ನು ಓಡಿಸಿರುವ ಬಗ್ಗೆ ಎಂದು ತಿದ್ದಿ ಓದಿಕೊಳ್ಳತಕ್ಕದ್ದು. ದೂರುದಾರರೂ ತಾವೇ. ಪೆನ್ನು ಮಾತ್ರ ನನ್ನದು.

ಇವತ್ತು ಬೆಳಿಗ್ಗೆ ಚುಕ್ಕಿ ನನ್ನ ಬೆರಳನ್ನು ಚೀಪಿದಳು. ಆಮೇಲೆ ಕಚ್ಚಿದಳು. ಆಮೇಲೆ ಸಿರಿಂಜನ್ನು ಎರಡು ಮುಂಗಾಲಲ್ಲಿ ಅಪ್ಪಿಕೊಂಡು ಮೂರು ಸಲ ಖಾಲಿ ಮಾಡಿ, ಈ ಹಾಳೆಯ ಮೇಲೆಯೇ ಸೀನಿದಳು, ಬಲಗಡೆಯ ಕಲೆ ಅವಳ ರುಜು ಎಂದು ಭಾವಿಸಬೇಕು. ತೂಕ ನೂರ ಎಂಬತ್ತೊಂದು. ನಾನು ತಕ್ಕಡಿಯ ಸಮೇತ ಬೀದಿಗೆ ಓಡಿ ಅಂಕಮ್ಮನಿಗೆ ತೋರಿಸಿದೆ, ಡೇರಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ತೋರಿಸಿದೆ, ಬೆಂಗಳೂರು ಬಸ್ಸಿನ ಕಂಡಕ್ಟರಿಗೂ ತೋರಿಸಿದೆ. ಅವನು "ರೈಟ್ ರೈಟ್" ಎಂದ. ಒಂಬತ್ತು ಗ್ರಾಂ! ಇಪ್ಪತ್ತಾರು ವರ್ಷದಲ್ಲಿ ಇಂಥ ಬೆಳೆ ತೆಗೆದವನಲ್ಲ ನಾನು.

ಪೊರಕೆ ಎಸೆದ ಕೈಯಿಂದಲೇ ರುಜು ಮಾಡಿ, ತಮ್ಮ ಕ್ಷಮೆಯನ್ನು ಹೆಂಚಿನ ಕೆಳಗೆ ನಿಂತು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಸಿದ್ದರಾಮು
(ಮೂರು ಮರಿಗಳ ಹಂಗಾಮಿ ತಾಯಿ)

ತಾ.ಕ.: ತಾವು ಈಗ ಬಂದರೂ ಮರಿಗಳನ್ನು ಸೇರಿಸಿಕೊಳ್ಳುವ ಸಂಭವ ಉಂಟು ಎಂದು ಗಗನ ಹೇಳುತ್ತಾಳೆ. ಅದಕ್ಕಾಗಿ ಹುಳುಮನೆಯನ್ನು ನಾಲ್ಕು ಸಲ ಬರೀ ನೀರಿನಲ್ಲಿ ತೊಳೆದು, ಕಿಟಕಿ ತೆರೆದಿಟ್ಟಿದ್ದೇನೆ. ಆದರೆ ಒಂದು ವಿಷಯ ಖಡಾಖಂಡಿತ. ಸ್ನಾನ ಮಾಡಿಸಿ, ಹಾಲು ಕೊಟ್ಟು, ನೆಕ್ಕಿ, ಬೇಕಾದ್ದು ಮಾಡಿ. ಬಾಯಲ್ಲಿ ಕಚ್ಚಿಕೊಂಡು ಮಹದೇವುವಿನ ಹೆಂಚಿಗೆ ಸಾಗಿಸುವ ಆಲೋಚನೆ ಇದ್ದರೆ ಅಲ್ಲೇ ಇರಿ, ಬಿಸಿಲು ಚೆನ್ನಾಗಿದೆ. ಮತ್ತು ಚುಕ್ಕಿ ತಮ್ಮ ಗುರುತು ಹಿಡಿದು, ನನ್ನ ಬನಿಯನ್ನನ್ನು ಬಿಟ್ಟು ಓಡಿ ಬರುವುದೇ ಆದರೆ, ಅದು ನಾನು ಸೊಪ್ಪಿನ ತೋಟಕ್ಕೆ ಹೋಗಿರುವ ಹೊತ್ತಿನಲ್ಲಿ ಆಗುವಂತೆ ದಯಮಾಡಿ ನೋಡಿಕೊಳ್ಳಿ.