ಕಾಗೆ ಬರೆಸಿದ ಅರ್ಜಿ

ನನಗೆ ದೆವ್ವದ ಭಯ ಇಲ್ಲ. ಹುಣಿಸೆಮರದ ಕೆಳಗೆ ಒಬ್ಬನೇ ಹೋಗು ಅಂದರೂ ಹೋಗುತ್ತೇನೆ. ಆದರೆ ಕಾಗೆಯೊಂದು ಗೋಡೆಯ ಮೇಲೆ ಕೂತು, ಕತ್ತು ಓರೆ ಮಾಡಿ ನನ್ನನ್ನೇ ನೋಡಿತೋ, ಕಾಫಿ ಲೋಟ ಅಲ್ಲೇ ಬಿಟ್ಟು ಒಳಗೆ ಓಡುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ ಬಿಡಿ. ಹೈಸ್ಕೂಲಿನ ಕೊನೆಯ ತರಗತಿಗಳಲ್ಲಿ ಯಾವ ಐಚ್ಛಿಕ ವಿಷಯ ಓದಬೇಕು ಅಂತ ಕಾಗೆಯಿಂದ ತೀರ್ಮಾನ ಮಾಡಿಸಿಕೊಂಡವನು ನಾನು, ಅವಳಲ್ಲ.

ಆಗ ಹಾಸನದಲ್ಲಿ ವಾರಾನ್ನ ಮಾಡಿಕೊಂಡು ಓದುತ್ತಿದ್ದೆ. ವಿಷಯ ಆರಿಸಿ, ಅರ್ಜಿಗೆ ಅಪ್ಪನ ರುಜು ಹಾಕಿಸಿಕೊಂಡು ಬನ್ನಿ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಚರಿತ್ರೆ ಅಂದರೆ ನನಗೆ ಪ್ರಾಣ. ಗಣಿತ ಅಂದರೆ, ಪರೀಕ್ಷೆಯ ಹಿಂದಿನ ದಿನವೇ ಜ್ವರ. ಅದೂ ನಿಜವಾದ ಜ್ವರ ಸ್ವಾಮಿ, ಕೈಯಿಟ್ಟರೆ ಸುಡುತ್ತಿತ್ತು. ಅರ್ಜಿಯಲ್ಲಿ ಚರಿತ್ರೆ ಎಂದು ದುಂಡಗೆ ಬರೆದು ಜೇಬಿನಲ್ಲಿಟ್ಟುಕೊಂಡೆ. ಅಷ್ಟರಲ್ಲಿ ತಾತ ಹೋದರು ಎಂದು ಚನ್ನರಾಯಪಟ್ಟಣದಿಂದ ಸುದ್ದಿ ಬಂತು. ತಾತ ಜೀವಮಾನವೆಲ್ಲ ಲೆಕ್ಕದ ಮೇಷ್ಟರಾಗಿದ್ದವರು. ಮಗ್ಗಿ ತಪ್ಪಿದರೆ ಬೈಯುತ್ತಿರಲಿಲ್ಲ. ಕತ್ತು ಓರೆ ಮಾಡಿ ಕನ್ನಡಕದ ಮೇಲಿಂದ ನೋಡುತ್ತಿದ್ದರು, ಅಷ್ಟೆ. ಅಷ್ಟಕ್ಕೇ ನಮ್ಮ ಚಡ್ಡಿ ಒದ್ದೆಯಾಗುತ್ತಿತ್ತು.

ಹತ್ತನೆಯ ದಿನ ಕೆರೆ ಏರಿಯ ಮೇಲೆ ಪಿಂಡ ಇಟ್ಟರು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಅದನ್ನು ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಮರದ ತುಂಬ ಕಾಗೆ. ಒಂದೂ ಇಳಿಯಲಿಲ್ಲ. ಇಳಿಯದಿದ್ದರೆ ಹೋಗಲಿ, ಒಂದೂ ಕೂಗಲಿಲ್ಲ. ನೆತ್ತಿಯ ಮೇಲೆ ಸುಡುಬಿಸಿಲು, ಕೆರೆಯಲ್ಲಿ ಒಂದು ಅಲೆಯಿಲ್ಲ. ಅಪ್ಪ ಕೈಮುಗಿದು, "ಅಮ್ಮನ್ನ ಚೆನ್ನಾಗಿ ನೋಡ್ಕೋತೀವಿ" ಅಂದರು. ಊಹೂಂ. ಚಿಕ್ಕಪ್ಪ, "ಅಣ್ಣನ ಹತ್ರ ಜಗಳ ಆಡಲ್ಲಪ್ಪ" ಅಂದರು. ಅದೂ ಅಲ್ಲ. ಪುರೋಹಿತರ ಹೊಟ್ಟೆ ಗುರ್ ಅಂದದ್ದು ಎಲ್ಲರಿಗೂ ಕೇಳಿಸಿತು. ಆಗ ಎಲ್ಲರ ಕಣ್ಣೂ ನಿಧಾನವಾಗಿ ನನ್ನ ಕಡೆ ತಿರುಗಿದವು. "ಮೊಮ್ಮಗ ಮುಂದೇನು ಓದ್ತಾನೆ?" ಎಂದರು ಪುರೋಹಿತರು. "ಲೆಕ್ಕ ಓದ್ತೀನಿ ಅನ್ನೋ!" ಎಂದು ಚಿಕ್ಕಪ್ಪ ತಿವಿದರು. "ತಾತ, ಗಣಿತ ತಗೋತೀನಿ" ಅಂದೆ.

ಒಂದೇ ಒಂದು ಕಾಗೆ ಇಳಿಯಿತು. ತಿನ್ನಲಿಲ್ಲ. ಪಿಂಡದ ಪಕ್ಕದಲ್ಲಿ ನಿಂತು, ಕತ್ತು ಓರೆ ಮಾಡಿ, ನನ್ನ ಜೇಬನ್ನೇ ನೋಡಿತು. ಅದರಲ್ಲೇನಿದೆ ಎಂದು ನನ್ನೊಬ್ಬನಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ! ಅರ್ಜಿ ತೆಗೆದು, ಚರಿತ್ರೆ ಹೊಡೆದುಹಾಕಿ, ಗಣಿತ ಎಂದು ಬರೆದೆ. ಕಾಗೆ ಗಬಕ್ಕನೆ ತುತ್ತು ಕಚ್ಚಿತು. ಮರದ ಮೇಲಿದ್ದವೆಲ್ಲ ಒಟ್ಟಿಗೆ ಕೂಗಿಕೊಂಡವು. ಅಪ್ಪ ಕಣ್ಣೊರೆಸಿಕೊಂಡು ಅಲ್ಲೇ ರುಜು ಹಾಕಿದರು.

ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೆ. "ಎಲ್ಲಾ ತಾತನ ಆಸೆಯಿಂದ ಆದದ್ದು" ಎಂದು ಅಜ್ಜಿಯ ಹತ್ತಿರ ಗೊಣಗಿದೆ. ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತಿದಳು. "ಅಯ್ಯೋ ಮುಂಡೇದೆ, ಅವರೆಲ್ಲೋ ಹಾಗಂದ್ರು? ಈ ಹುಡುಗನ ತಲೆಗೆ ಲೆಕ್ಕ ಹತ್ತಲ್ಲ, ಚರಿತ್ರೆ ಓದಿಸಿ ಅಂತ ಹಾಸಿಗೆ ಹಿಡಿದಾಗ್ಲೂ ಅಂತಿದ್ರು."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಕೆರೆ ಏರಿಗೆ ಹೆಂಗಸರನ್ನ ಯಾರೋ ಕರೀತಾರೆ? ಮೂಲೇಲಿ ಕೂತಿದ್ದೋಳನ್ನ ಯಾರು ಕೇಳಿದ್ರು?"

ಹಾಗಾದರೆ ಆ ಕಾಗೆ ಯಾರದು? ಇವತ್ತಿಗೂ ನನಗೆ ಗೊತ್ತಿಲ್ಲ.

ಮೂರನೆಯ ಸಲ ಪಾಸಾದೆ. ಹೇಗೋ ಓದು ಮುಗಿಸಿ ಹೊಳೆನರಸೀಪುರದಲ್ಲಿ, ಏನಾದೆ ಅಂತೀರಿ, ಲೆಕ್ಕದ ಮೇಷ್ಟರೇ ಆದೆ. ಮೊನ್ನೆ ಮಲ್ಲಿಪಟ್ಟಣದ ಕಡೆಯ ಹುಡುಗನೊಬ್ಬ ಐಚ್ಛಿಕ ವಿಷಯದ ಅರ್ಜಿಯನ್ನು, ಕ್ಲಾಸ್ ಮೇಷ್ಟರ ರುಜುವೂ ಬೇಕು ಎಂದು, ನನ್ನ ಹತ್ತಿರ ತಂದ. ಲೆಕ್ಕದಲ್ಲಿ ನನ್ನಷ್ಟೇ ದಡ್ಡ. ಚರಿತ್ರೆ ಎಂದು ದುಂಡಗೆ ಬರೆದಿದ್ದ. ದೇವರಾಣೆಗೂ ನಾನು ಒಂದು ಮಾತೂ ಆಡಲಿಲ್ಲ; ಸುಮ್ಮನೆ ನೋಡಿದೆ, ಅಷ್ಟೆ. ಹುಡುಗ ಬೆವರಿದ.

"ಅಂಗ್ಯಾಕ್ ಕತ್ತು ವಾರೆ ಮಾಡ್ಕಂಡು ನೋಡ್ತೀರಾ ಸಾ? ಗಣಿತ ಅಂತ್ಲೇ ಬರ್ಕೊಡ್ತೀನಿ ಬುಡಿ" ಎಂದು ಅಲ್ಲೇ ಚರಿತ್ರೆ ಹೊಡೆದುಹಾಕಿದ.

ರುಜು ಹಾಕಿದೆ. ಮಧ್ಯಾಹ್ನ ಮನೆಗೆ ಹೋಗಿ, ಎರಡೆರಡು ಸಲ ಬಡಿಸಿಕೊಂಡು ಉಂಡೆ.