ಸಂಸದರಿಗೆ ಎರಡೇ ಸಲ ಸಾಕು ಎಂದು ಸಹಿ ಕೇಳಲು ಹೋದದ್ದು

ಗಂಭೀರವಾದ ಕೆಲಸ ಹಿಡಿದು ಹೊರಟಾಗಲೇ ನನಗೆ ಇಂಥ ಪ್ರಸಂಗಗಳು ಎದುರಾಗುವುದು. ಬಿಡದಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ಆಗಷ್ಟೇ ನಿವೃತ್ತನಾಗಿದ್ದೆ. ಒಬ್ಬರೇ ಎರಡು ಸಲಕ್ಕಿಂತ ಹೆಚ್ಚು ಲೋಕಸಭೆಗೆ ಹೋಗಬಾರದು, ಅದಕ್ಕೊಂದು ಕಾನೂನು ಬೇಕು ಎಂದು ಮನವಿ ಬರೆದುಕೊಂಡು ಸಹಿಗಾಗಿ ಊರೂರು ತಿರುಗಿದೆ.

ಡೇರಿ ಅಧ್ಯಕ್ಷರು

ಕಲ್ಯದ ಕಡೆಯ ಒಂದು ಹಳ್ಳಿ. ಹಾಲಿನ ಡೇರಿ ಅಧ್ಯಕ್ಷರು ಮನವಿ ಓದಿ ಕೆಂಡವಾದರು. "ಒಬ್ಬನೇ ಎಷ್ಟ್ ದಿವ್ಸ ಕುಂತ್ಕಂತಾನೆ ಮೇಷ್ಟ್ರೇ? ಕೊಡಿ ಇಲ್ಲಿ" ಎಂದು ಸಹಿ ಹಾಕಿ, ಕೇಳದಿದ್ದರೂ ಸೀಲು ಒತ್ತಿದರು.

ಹಾಲು ತಂದಿದ್ದ ಅವರ ಗೆಳೆಯ ಕ್ಯಾನು ಕೆಳಗಿಟ್ಟು, "ಲೇ, ಡೇರಿ ಶುರುವಾದಾಗಿಂದ ನೀನೇ ಅಲ್ವೇನ್ಲಾ ಅಧ್ಯಕ್ಷ?" ಎಂದ.

"ನಾನೇನ್ ಡೆಲ್ಲಿಗೋಗಿ ಕುಂತಿದ್ದೀನೇನ್ಲಾ? ಬೆಳಗಾದ್ರೆ ಇಲ್ಲೇ ಸಿಗ್ತೀನಿ, ಬೈಕೋ!"

ಕೆರೆ ಕೆಳಗಿನ ಗದ್ದೆಯವರು

ಬೈರಮಂಗಲದ ಕೆರೆಗೆ ಮೇಲಿನ ಊರುಗಳ ಕೊಳಕೆಲ್ಲ ಹರಿದು ನೀರಿನ ಮೇಲೆ ಬಿಳಿ ನೊರೆ ಎದ್ದಿತ್ತು. ಕೆರೆ ಕೆಳಗೆ ಗದ್ದೆಯಿದ್ದ ಹೆಂಗಸೊಬ್ಬರ ಮನೆಗೆ ಹೋದೆ. ಬಾವಿ ನೀರೂ ನಾರುತ್ತಿದ್ದುದರಿಂದ ದೂರದಿಂದ ಹೊತ್ತು ತಂದಿಟ್ಟಿದ್ದ ನೀರಿನಲ್ಲೇ ಒಂದು ಲೋಟ ಕೊಟ್ಟರು. ಅದನ್ನು ಕುಡಿಯಲು ನನಗೆ ಸಂಕೋಚವಾಯಿತು. ಮನವಿಯನ್ನು ಪೂರ್ತಿ ಓದಿಸಿ ಕೇಳಿದರು.

"ನಾನು ಸಹಿ ಹಾಕಕ್ಕಿಲ್ಲ ಮೇಷ್ಟ್ರೇ. ನಮ್ ಕೆರೆ ಹಿಂಗಾಗೈತೆ ಅಂತ ಈಗಿರೋರಿಗೆ ತಿಳ್ಸೋಕೇ ಎರಡ್ ಎಲೆಕ್ಷನ್ ಹಿಡೀತು. ಈಗ ಒಸಿ ಅರ್ಥ ಆಗ್ತಾ ಐತೆ. ಇವ್ರನ್ನ ಮನೆಗೆ ಕಳ್ಸುದ್ರೆ, ಹೊಸಬ್ರಿಗೆ ಮತ್ತೆ ಅ ಆ ಇ ಈಯಿಂದ ಹೇಳ್ಕೊಡೋರು ಯಾರು?"

ನಾನು ಮನವಿ ಮಡಿಚಿ ಚೀಲಕ್ಕೆ ಹಾಕಿದೆ. ಅವರು ನಿಟ್ಟುಸಿರು ಬಿಟ್ಟು, "ನೀವೂ ರಿಟೈರಾಗ್ಬುಟ್ರಿ" ಎಂದರು.

ಸಂಸದರ ಕೈಗೆ

ರಾಮನಗರದ ಹತ್ತಿರ ರಸ್ತೆಯೊಂದರ ಶಂಕುಸ್ಥಾಪನೆಗೆ ಹಲವು ಸಲ ಗೆದ್ದಿದ್ದ ಸಂಸದರೊಬ್ಬರು ಬಂದಿದ್ದರು. ವೇದಿಕೆ ಹತ್ತಿ ಮನವಿ ಕೊಟ್ಟೆ. ಅವರು ನಿಂತುಕೊಂಡೇ ಕೊನೆಯ ಸಾಲಿನವರೆಗೂ ಓದಿದರು.

"ಮೇಷ್ಟ್ರು ಬರೆದಿರೋದ್ರಲ್ಲಿ ಒಂದಕ್ಷರ ತಪ್ಪಿಲ್ಲ" ಎಂದು ಮೈಕಿನಲ್ಲಿ ಹೇಳಿದರು. "ಅಧಿಕಾರ ಯಾರಪ್ಪನ ಸ್ವತ್ತೂ ಅಲ್ಲ."

ನನ್ನ ಕಣ್ಣು ತುಂಬಿತು.

"ಆದ್ರೆ ಸಂವಿಧಾನ ತಿದ್ದೋದು ಒಂದ್ ದಿನದ ಕೆಲ್ಸ ಅಲ್ಲ. ನೀವೆಲ್ಲ ಇನ್ನೊಂದ್ ಮೂರ್ ಸಲ ನನ್ನ ಗೆಲ್ಸಿ ಕಳ್ಸಿ. ಈ ಕಾನೂನು ತಂದೇ ತತ್ತೀನಿ!"

ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿದ್ದವರು ತಿವಿದಾಗಲೇ ಗೊತ್ತಾದದ್ದು, ನಾನೂ ತಟ್ಟುತ್ತಿದ್ದೆ.