ಸೊನ್ನೆ ಅನ್ನದವಳು

"ಮನೀಗಿ ಬಂದ ಮ್ಯಾಲ ಸೊನ್ನೀನ ಅಂತೀನಂತ ಹೇಳ್ರಿ ಅಕೀಗಿ."

ನನ್ನ ಹೆಂಡತಿ ನನಗೆ ಹೇಳಿದ ಕಡೆಯ ಮಾತು ಇದು. ಮಿರಜಿನ ದವಾಖಾನೆಯಲ್ಲಿ, ಮುಂಜಾನೆ ಚಹಾ ಕುಡಿದು ಹೇಳಿದಳು. ಮಗಳು ಮನೆಯಲ್ಲಿ ಕುರಿ ನೋಡಿಕೊಂಡಿದ್ದಳು. ಮಧ್ಯಾಹ್ನ ಹೆಂಡತಿ ಹೋದಳು. ಎದೆ ನಿಂತಿತು ಅಂದರು ಡಾಕ್ಟರು.

ಮಗಳು ಬಿಎಸ್ಸಿಗೆ ಸೇರಿದಾಗಿನಿಂದ ನಮ್ಮ ಮನೆಯಲ್ಲಿ ಏನಾದರೊಂದು ನಗುವಂಥದ್ದು ನಡೆಯುತ್ತಲೇ ಇತ್ತು. ಸೊನ್ನೆಯ ಮಾತೂ ಅದರಲ್ಲೇ ಬಂದದ್ದು. ನೆನೆದರೆ ಈಗಲೂ ನಗು ಬರುತ್ತದೆ. 

ಬಿಳಿ ಕೋಟು

ನಮ್ಮೂರು ಮರಾಠಿ ಸೀಮೆಯ ಮ್ಹೈಸಾಳ. ನಾನು ಕುರಿ ಕಾಯುವವ. ಮಗಳು ಎಸ್‌ಟಿ ಬಸ್ಸು ಹಿಡಿದು ಮಿರಜಿನ ಕಾಲೇಜಿಗೆ ಹೋಗುತ್ತಾಳೆ. ಫಿಜಿಕ್ಸ್. ಮೊದಲ ವರ್ಷ ಕೆಮಿಸ್ಟ್ರಿಯೂ ಇತ್ತು, ಅದಕ್ಕೊಂದು ಬಿಳಿ ಕೋಟು. ಹೆಂಡತಿ ಅದನ್ನು ಒಗೆದು ಅಂಗಳದಲ್ಲಿ ಒಣಹಾಕಿದಳು. ಸಂಜೆಗೆ ನಾವೆಲ್ಲ ಮಾವಶಿ ಅನ್ನುವ ಪಕ್ಕದ ಮನೆಯ ಹಿರಿಯಳು ಬಂದು ಕಾಲು ಚಾಚಿ ಕುಂತಳು.

"ಡಾಕ್ಟರೀಣಬಾಯಿ ಎಲ್ಲದಾಳ? ಮಣಕಾಲು ತೋರಸಬೇಕು."

"ನಾ ಡಾಕ್ಟರ್ ಅಲ್ಲ ಮಾವಶಿ," ಅಂದಳು ಮಗಳು. "ಬೆಳಕು, ಕರೆಂಟು, ವಜನು, ಇಂಥಾವು ಕಲೀತೀನಿ."

"ವಜನು ಅಂದಿ ಅಲ್ಲ, ಮತ್ತೇನು. ನನ್ನ ವಜನಿಂದನ ಮಣಕಾಲು ನೂಸೂದು."

ಒಳಗಿಂದ ಹೆಂಡತಿ ಅಂದಳು: "ಹಂಗಾರ ಎರಡು ರೊಟ್ಟಿ ಕಮ್ಮಿ ತಿನ್ರಿ. ಔಷಧ ಆತು."

ಕಲ್ಲು

ಈ ವರ್ಷ ಸರ್ ಒಂದು ಪ್ರಯೋಗ ಮನೆಯಲ್ಲೇ ಮಾಡಿ ತರಲು ಹೇಳಿದರು. ದಾರಕ್ಕೆ ಕಲ್ಲು ಕಟ್ಟಿ ತೊಟ್ಟಿಲಿನ ಹಾಗೆ ತೂಗಬೇಕು. ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ನೋಡಿದರೆ, ಭೂಮಿ ಎಷ್ಟು ಜಗ್ಗುತ್ತದೆ ಅಂತ ತಿಳಿಯುತ್ತದಂತೆ. ತಾನು ಕೂಸಿದ್ದಾಗ ತೊಟ್ಟಿಲು ಕಟ್ಟಿದ್ದ ಕೊಂಡಿಗೇ ಮಗಳು ದಾರ ಕಟ್ಟಿದಳು.

ಮಾವಶಿ ಹೊಸ್ತಿಲು ದಾಟಲಿಲ್ಲ. "ಯಾರ ಮಾಟ ಮಾಡ್ಯಾರ?"

"ಮಾಟ ಅಲ್ರಿ. ಭೂಮಿ ಎಷ್ಟು ಜಗ್ಗತೈತಿ ನೋಡಾಕತ್ತಾಳ," ಅಂದಳು ನನ್ನಾಕೆ.

"ನೋಡಿ?"

"ಕಾಲೇಜನ್ಯಾಗ ಹೇಳ್ತಾಳ."

"ಹೇಳಿದ್ರ ಜಗ್ಗೂದು ಬಿಡತೈತೇನು?"

ಲಾಭ

ಮಗಳು ಮೊಬೈಲಿನಲ್ಲಿ ಹೊತ್ತು ನೋಡುವಳು. ಎಣಿಸುವುದು ಅವಳವ್ವನ ಕೆಲಸ. ಜೋಳ ಅಳೆಯಲಿ, ಕುರಿ ಎಣಿಸಲಿ, ನಮ್ಮಲ್ಲಿ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತೇವೆ. ನನ್ನಾಕೆ ಕಲ್ಲು ಬಿಡುವಾಗಲೇ "ಲಾಭ" ಅಂದುಬಿಟ್ಟಳು. ಆಮೇಲೆ ಎರಡು, ಮೂರು.

ಸರ್ ಲೆಕ್ಕ ನೋಡಿ ಮರಾಠಿಯಲ್ಲಿ ಕೇಳಿದರಂತೆ, ನಿಮ್ಮೂರಲ್ಲಿ ಭೂಮಿ ಇಷ್ಟು ಜೋರು ಜಗ್ಗಿದರೆ ಕುರಿ ಹೇಗೆ ನಡೆಯುತ್ತವೆ ಅಂತ.

ಮಗಳಿಗೆ ತಪ್ಪು ಸಿಕ್ಕಿತು. ಹತ್ತೊಂಬತ್ತು ಸಲಕ್ಕೇ ಇಪ್ಪತ್ತು ಅಂದಿದ್ದರಿಂದ ಹೊತ್ತು ಕಮ್ಮಿಯಾಗಿ, ಜಗ್ಗುವುದು ಜಾಸ್ತಿ ಬಂದಿತ್ತು. "ಅವ್ವಾ, ಬಿಟ್ಟಾಗ ಸೊನ್ನಿ ಅನಬೇಕು. ಹೋಗಿ ಬಂದ ಮ್ಯಾಲ ಒಂದು."

"ತುಂಬಿದ ಮನ್ಯಾಗ ಸೊನ್ನಿ ಅಂತಾರೇನು? ನಾ ಅನ್ನೂದಿಲ್ಲ."

"ಸರ್ ಮಾರ್ಕ್ಸ್ ಕೊಡೂದಿಲ್ಲವ್ವಾ."

"ಭೂಮಿ ಒಂಚೂರು ಜಾಸ್ತಿ ಜಗ್ಗಿದ್ರ ಅವರ ಗಂಟೇನು ಹೋತು?"

ಆ ಜಗಳ ಮುಗಿಯುವುದರೊಳಗೆ ನನ್ನಾಕೆಗೆ ಎದೆ ನೋವು ಬಂತು.

ಮರುದಿನ

ಅವಳು ಹೋದ ದಿನ ರಾತ್ರಿಯೇ ಹೊಳೆ ದಂಡೆಯಲ್ಲಿ ಎಲ್ಲ ಮುಗಿಸಿ ಬಂದೆವು. ಮಗಳು ಅಂದಳು: "ಇನ್ನ ಕಾಲೇಜು ಸಾಕಪ್ಪಾ. ನೀ ಕುರಿ ಹಿಂದ ಹೋದ್ರ ರೊಟ್ಟಿ ಯಾರು ಬಡೀತಾರ?" ಇಂಥದ್ದಕ್ಕೆಲ್ಲ ಮನೆಯಲ್ಲಿ ಮಾತಾಡುತ್ತಿದ್ದವಳು ನನ್ನಾಕೆ.

ಸೂತಕ, ನಮ್ಮ ಒಲೆ ಹಚ್ಚುವಂತಿರಲಿಲ್ಲ. ಮುಂಜಾನೆ ಮಾವಶಿ ರೊಟ್ಟಿ, ಝುಣಕಾ ತಂದಳು. ಕೊಂಡಿ ನೋಡಿದಳು. "ಆ ಕಲ್ಲು ಬಿಚ್ಚಿಬಿಡಪಾ. ನೋಡಾಕ ಆಗೂದಿಲ್ಲ."

ನಾನು ಎದ್ದು ಹೋಗಿ ಕಲ್ಲು ಹಿಡಿದೆ. ಮಗಳಿಗೆ ಅಂದೆ, "ಮೊಬೈಲ್ ತಾ."

"ಇವತ್ತ?"

"ನಿಮ್ಮವ್ವ ಸೊನ್ನಿ ಅಂತೀನಿ ಅಂದಾಳ. ಅಕೀ ಬದ್ಲಿ ನಾ ಅಂತೀನಿ. ನೀ ಕಾಲೇಜು ಬಿಡಬ್ಯಾಡ. ರೊಟ್ಟಿ ನಾ ಬಡೀತೀನಿ."

"ನೀ ಬಡಿದ ರೊಟ್ಟಿ ಕುರೀನೂ ಮೂಸೂದಿಲ್ಲ," ಅಂದಳು ಮಾವಶಿ. "ನಾ ಬಡೀತೀನಿ."

ಮಗಳು ಮೊಬೈಲ್ ತಂದಳು. ಕಲ್ಲು ಬಿಟ್ಟೆ. ಬಾಯಿ ತಾನೇ "ಲಾಭ" ಅಂದಿತು.

ಮಗಳು ಕಲ್ಲು ಹಿಡಿದು ನಿಲ್ಲಿಸಿದಳು. "ನೀನೂ ಹಂಗ ಅಪ್ಪಾ." ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

ಮತ್ತೆ ಬಿಟ್ಟೆ. ಬಾಯಿ ಗಟ್ಟಿ ಹಿಡಿದಿದ್ದೆ. ಹಿಂದಿನಿಂದ ಮಾವಶಿ "ಲಾಭ" ಅಂದಳು.

ಮೂರನೆಯ ಸಲ ನಾನು "ಸೊನ್ನಿ" ಅಂದೆ. ಕಲ್ಲು ಹೋಗಿ ಬಂತು. ಇಪ್ಪತ್ತರ ತನಕ ಎಣಿಸಿದೆ.

"ಏನಾತು?" ಅಂದಳು ಮಾವಶಿ.

ಮಗಳು ಲೆಕ್ಕ ಹಾಕಿದಳು. "ಸರಿ ಬಂತು. ಮೊದಲಕ್ಕಿಂತ ಕಮ್ಮಿ ಜಗ್ಗಾಕತ್ತೈತಿ."

ಮಾವಶಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡಿದ್ಯಾ, ಹೇಳಿದ್ರ ಜಗ್ಗೂದು ಬಿಡತೈತಿ. ಸ್ವಲ್ಪ ಲಗೂನ, ಅಕೀ ಇದ್ದಾಗ ಹೇಳಬೇಕಿತ್ತು."